ಕೆಂಪು ದಾರದ ಗಂಟು

ಮುಂದಿನ ಲಾರಿಯ ಹಿಂಬದಿಯ ಧೂಳಿನಲ್ಲಿ ಯಾರೋ ಬೆರಳಿನಿಂದ ನಗುವ ಮುಖ ಬರೆದಿದ್ದಾರೆ, ಕಣ್ಣು ಒಂದೇ ಇದೆ, ಇನ್ನೊಂದನ್ನು ಬರೆಯುವಷ್ಟರಲ್ಲಿ ಲಾರಿ ಹೊರಟಿರಬೇಕು, ಈಗ ಮಾತ್ರ ಹೊರಡುತ್ತಿಲ್ಲ, ಮೇಲ್ಸೇತುವೆಯ ನಟ್ಟನಡುವೆ, ಮಟಮಟ ಮಧ್ಯಾಹ್ನ, ಹಿಂದೆ ಮುಂದೆ ಮಿಸುಕಲು ಜಾಗವಿಲ್ಲ, ಮತ್ತೆ ಆ ಮುಳ್ಳು — ನೋಡಬಾರದು ಅಂದುಕೊಂಡೇ ಅವಳು ನೋಡಿದಳು — ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು, ಮನೆಯಿಂದ ಹೊರಟಾಗಿನಿಂದ ಮಲಗಿದ ಬೆಕ್ಕಿನಂತೆ ಇದ್ದದ್ದು, ಅರ್ಧ ದಾಟಿದೆ. ಪಕ್ಕದ ಸೀಟಿನಲ್ಲಿ ಅಪ್ಪ, ಮೂಗಿಗೆ ಕೊಳವೆ, ಮೊಣಕಾಲುಗಳ ನಡುವೆ ಆಮ್ಲಜನಕದ ಚಿಕ್ಕ ಸಿಲಿಂಡರು, ಅದಕ್ಕೂ ಒಂದು ಮುಳ್ಳು, ಅದು ಇಳಿಯುತ್ತಿದೆ, ಇದು ಏರುತ್ತಿದೆ ಅದು ಇಳಿಯುತ್ತಿದೆ, ಆಸ್ಪತ್ರೆ ಸೇತುವೆ ಇಳಿದರೆ ಸಿಗುತ್ತದೆ, ಅದರ ನೀರಿನ ಟ್ಯಾಂಕು ಇಲ್ಲಿಗೇ ಕಾಣುತ್ತದೆ, ಕಂಡರೆ ಬಂದ ಭಾಗ್ಯವೇನು, ಹೆದರಬೇಡ, ಹೆದರಿದರೆ ಸ್ಟೇರಿಂಗ್ ಹೆದರುತ್ತೆ ಅಂತ ಅಪ್ಪನೇ ಡ್ರೈವಿಂಗ್ ಕಲಿಸುವಾಗ ಹೇಳಿದ್ದ, ಅವಳ ಅಂಗೈ ಆಗಲೇ ಒದ್ದೆ. ಅಪ್ಪ ಉಂಗುರದಿಂದ ಬಾಗಿಲಿಗೆ ಎರಡು ಸಲ ತಟ್ಟಿದ, ಟಕ್ ಟಕ್, ಹೊರಡು ಅಂತ. ಮೂವತ್ತು ವರ್ಷ ಬಸ್ಸು ಓಡಿಸಿದವನು, ಕಂಡಕ್ಟರು ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು, ಶ್ವಾಸಕೋಶ ಕೆಟ್ಟು ಮಾತು ದುಬಾರಿಯಾದ ಮೇಲೆ ಮನೆಯಲ್ಲೂ ಅದೇ ಭಾಷೆ, ಎರಡು ತಟ್ಟಿದರೆ ಚೆನ್ನಾಗಿದ್ದೀನಿ, ಒಂದು ತಟ್ಟಿದರೆ ಕೈಯಲ್ಲಿರುವುದನ್ನು ಬಿಟ್ಟು ಓಡಿ ಬಾ.

ಲಾರಿ ಒಂದು ಗೇಣು ಮುಂದೆ ಹೋಯಿತು, ಅವಳೂ ಒಂದು ಗೇಣು, ಗಾಜು ಇಳಿಸಿದ್ದರೂ ಒಳಗೆ ಬರುವುದು ಬಿಸಿ ಹೊಗೆ, ಏಸಿ ಇದ್ದಿದ್ದರೆ — ಏಸಿ ಎಲ್ಲಿ ಬಂತು, ಕಳೆದ ಭಾನುವಾರ ಅಪ್ಪ ಮಗಳು ಸೇರಿಯೇ ಕಿತ್ತುಹಾಕಿದ್ದಲ್ಲವೇ, ಕಾರಿಗೆ ಇಪ್ಪತ್ತೆರಡು ವರ್ಷ, ಏಸಿಯ ಕಂಪ್ರೆಸರು ಬಿಗಿದುಕೊಂಡು ಬೆಲ್ಟು ಜಗ್ಗುತ್ತಿತ್ತು, ಸಣ್ಣ ಏರು ಸಿಕ್ಕಿದರೆ ಸಾಕು ಇಂಜಿನ್ನು ಕಾಯುತ್ತಿತ್ತು, ಮೆಕ್ಯಾನಿಕ್ಕು ಮಾರಿಬಿಡಿ ಅಂದ, ಅಪ್ಪನಿಗೆ ಮೈಯೆಲ್ಲ ಉರಿಯಿತು, ನನಗೆ ಹೇಳ್ತಾನಾ ಅವನು, ಆ ಹೊರೆ ತೆಗೆದು ಬಿಸಾಕಿದ್ರೆ ಗಾಡಿ ಕುದುರೆ ಥರ ಓಡುತ್ತೆ, ಹೇಗೂ ಆ ತಣ್ಣನೆ ಗಾಳಿ ನನಗೆ ಆಗಿಬರಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ಹೇಳುವುದು, ಅವಳು ಹೊಲಿಗೆ ಮಿಷನ್ನು ಬಿಟ್ಟು ಬಂದು ಬಿಚ್ಚುವುದು, ಪೈಪು ಬಂತು, ಕಂಪ್ರೆಸರು ಬಂತು, ರೇಡಿಯೇಟರಿನ ಮುಂದೆ ಕೂತಿದ್ದ ಏಸಿಯ ಜಾಲರಿ ಅದರ ಪುಟ್ಟ ಫ್ಯಾನಿನ ಸಮೇತ ಬಂತು, ಎಷ್ಟು ತಿಂಗಳ ಮೇಲೆ ಅಪ್ಪನ ಮುಖದಲ್ಲಿ ಆ ಕಳೆ. ರೇಡಿಯೇಟರಿಗೊಂದು ಫ್ಯಾನು, ಏಸಿಗೊಂದು ಫ್ಯಾನು, ಎರಡಕ್ಕೂ ಬಿಳಿ ಪ್ಲಗ್ಗು, ಅವಳಿಜವಳಿ, ಜಾಲರಿ ಹೊರಬರಲಿ ಎಂದು ಎರಡನ್ನೂ ಕಿತ್ತಿದ್ದಳು, ಗುರುತು ಮಾಡ್ಕೋ ಅಂದ ಅಪ್ಪ, ನೆನಪಿರುತ್ತೆ ಬಿಡಪ್ಪ ಅಂದಳು, ಅಷ್ಟರಲ್ಲಿ ಬಟ್ಟೆ ಕೇಳಿಕೊಂಡು ಗಿರಾಕಿ ಬಂದಳು, ಕಾಜಾ ಹಾಕಿ ಕೊಟ್ಟು ಬರುವಷ್ಟರಲ್ಲಿ —

ಫ್ಯಾನು. ಗಾಡಿ ಹೀಗೆ ನಿಂತು ಕಾದಾಗ ಫ್ಯಾನು ತಿರುಗಬೇಕಿತ್ತು, ಮುಂಭಾಗವೆಲ್ಲ ನಡುಗುವ ಆ ಗುರ್ ಸದ್ದು, ಭಾನುವಾರದಿಂದ ಅದನ್ನು ಕೇಳಿಯೇ ಇಲ್ಲ, ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ ಮುಳ್ಳು ಏಳಲಿಲ್ಲ ಅಂತ ಇಬ್ಬರೂ ಬೀಗಿದ್ದೇ ಬೀಗಿದ್ದು, ಓಡುವಾಗ ಗಾಳಿಯೇ ತಂಪು ಮಾಡಿತ್ತು, ಅಷ್ಟೆ. ಅದಲುಬದಲು ಮಾಡಿದ್ದಾಳೆ. ರೇಡಿಯೇಟರಿನ ಫ್ಯಾನಿಗೆ ಏಸಿಯ ಸತ್ತ ವೈರು ಸಿಕ್ಕಿಸಿ, ಜೀವವಿರುವ ವೈರನ್ನು ಅನಾಥ ಅಂದುಕೊಂಡು, ನೇತಾಡದಿರಲಿ ಎಂದು ಮಿಷನ್ನಿನ ಕೆಂಪು ದಾರದಿಂದ ಕಂಬಿಗೆ ಕಟ್ಟಿದ್ದಾಳೆ, ಮೂರು ಸುತ್ತು, ಗಂಟು. ಯಾವುದು ಯಾವುದಂತ ಗೊತ್ತಾಯ್ತಾ? ಗೊತ್ತಾಯ್ತಪ್ಪ. ಗೊತ್ತಾಗಿರಲಿಲ್ಲ, ಕೇಳಿದರೆ ಅಪ್ಪ ಕುರ್ಚಿಯಿಂದ ಎದ್ದು ಬಗ್ಗಿ ನೋಡುತ್ತಿದ್ದ, ಬಗ್ಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ — ಅದಕ್ಕಲ್ಲ, ಸುಳ್ಳೇಕೆ, ಶಹಭಾಸ್ ಅನ್ನಿಸಿಕೊಳ್ಳುವ ಆಸೆ, ನಲವತ್ತು ದಾಟಿದರೂ ಹೋಗದ ಆಸೆ. ಮುಳ್ಳು ಕೆಂಪು ಗೆರೆಗೆ ಬೆರಳಗಲ ದೂರ. ಇಂಜಿನ್ನು ಆರಿಸಲೇ? ಅಪ್ಪ ತಲೆಯಾಡಿಸಿದ, ಬೇಡ, ಬಿಸಿಯಲ್ಲಿ ಆರಿಸಿದ್ರೆ ಮತ್ತೆ ಹತ್ತಲ್ಲ, ಹೀಟರ್ ಹಾಕು. ಏನು? ಹೀಟರ್, ಪೂರ್ತಿ ತಿರುಗಿಸು, ಇಂಜಿನ್ ಬಿಸಿ ಒಳಗೆ ಬರುತ್ತೆ, ಅದು ಉಳಿಯುತ್ತೆ. ನೀನಪ್ಪಾ? ಇಂಜಿನ್ ಪಕ್ಕದಲ್ಲೇ ಕೂತು ಕೂದಲು ಹಣ್ಣು ಮಾಡ್ಕೊಂಡೋನು ಕಣೇ ನಾನು — ಇಷ್ಟು ಹೇಳಲು ನಾಲ್ಕು ಸಲ ಉಸಿರೆಳೆದ, ತಾನೇ ಕೈ ಚಾಚಿ ತಿರುಗಿಸಿದ. ಒಲೆಯ ಬಾಯಿ ತೆರೆದ ಹಾಗೆ ಗಾಳಿ ನುಗ್ಗಿತು, ಮುಳ್ಳು ನಿಂತಿತು, ನಿಜವಾಗಿ ನಿಂತಿತು, ಅಪ್ಪನ ತುಟಿ ಬಣ್ಣ ಬದಲಾಯಿಸಿತು. ಆರಿಸಲು ಹೋದಳು, ಅಪ್ಪ ಅವಳ ಕೈ ಮೇಲೆ ಕೈ ಇಟ್ಟ, ಆ ಕೈಯಲ್ಲಿ ಬಲವಿಲ್ಲ, ಸರಿಸಲೂ ಆಗಲಿಲ್ಲ. ಅಪ್ಪಾ, ಪ್ಲಗ್ಗು ತಪ್ಪು ಹಾಕಿದ್ದೀನಿ, ನಾನೇ. ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕ ಹಾಗಾಯಿತು. ಹೋಗು, ಹಾಕಿ ಬಾ, ಫ್ಯಾನ್‌ ರೆಕ್ಕೆಗೆ ಕೈ ಕೊಡಬೇಡ. ಟಕ್ ಟಕ್.

ಬಾನೆಟ್ಟು ಎತ್ತಿದಳು, ಸೆರಗಿನಲ್ಲಿ ಕೈ ಸುತ್ತಿಕೊಂಡು ತೂರಿಸಿದಳು, ಮೊಣಕೈ ಎಲ್ಲೋ ತಗುಲಿ ಚುರ್ ಅಂದಿತು, ಅನ್ನಲಿ, ಹಿಂದಿನಿಂದ ಹಾರ್ನು, ಯಾರೋ ಏನಮ್ಮಾ ನಡುರಸ್ತೆಯಲ್ಲಿ ಅಂದರು, ಸತ್ತ ವೈರನ್ನು ಕಿತ್ತಳು, ಅದು ಸಲೀಸಾಗಿ ಬಂತು, ಇನ್ನು ಇದೊಂದು, ಬಿಚ್ಚಿ ಸಿಕ್ಕಿಸಿದರೆ ಫ್ಯಾನು ತಿರುಗುತ್ತದೆ, ಹೀಟರು ಆರುತ್ತದೆ, ಕಿಟಕಿಯಿಂದ ಟಕ್ ಟಕ್, ಇದ್ದಾನೆ, ಬಂದೆ ಅಪ್ಪಾ, ಉಗುರು ಕೂರುತ್ತಿಲ್ಲ, ದಾರ ಇಂಜಿನ್ನಿನ ಬಿಸಿಗೆ ಬಿಗಿದಿದೆ, ನಿನ್ನ ಗಂಟು ಬಿಚ್ಚೋಕೆ ಕತ್ತರಿಯೇ ಬೇಕು ಅಂತ ಅಪ್ಪ ಬಂದವರೆದುರೆಲ್ಲ ಹೊಗಳುತ್ತಿದ್ದ, ಕತ್ತರಿ ಮನೆಯಲ್ಲಿ ಮಿಷನ್ನಿನ ಮೇಲೆ, ಹಲ್ಲಿಗೆ ಎಟುಕುವುದಿಲ್ಲ, ಟಕ್ — ಒಂದು, ಇನ್ನೊಂದು ಬರುತ್ತದೆ, ಬಾನೆಟ್ಟು ಅಡ್ಡ, ಅಪ್ಪ ಕಾಣುವುದಿಲ್ಲ, ಬರುತ್ತದೆ, ಈಗ ಬರುತ್ತದೆ, ಬಿಳಿ ಪ್ಲಗ್ಗು, ಕೆಂಪು ದಾರ, ಮೂರು ಸುತ್ತು, ಗಂಟು, ಒಂದೇ ತಟ್ಟಿದ್ದು, ಗಂಟು