ಕಣದ ಮೂಲೆ

ಜಯತೀರ್ಥ ಮಾಸ್ತರರಿಗೆ ಇದ್ದ ಹೆಮ್ಮೆ ಒಂದೇ. ಡೆರಿವೇಟಿವ್, ಅಂದರೆ ಬದಲಾವಣೆಯ ದರ, ತೆಗೆಯುವ ನಿಯಮಗಳನ್ನೆಲ್ಲ ಅವರು ನಲವತ್ತು ನಿಮಿಷದ ಒಂದೇ ಪಿರಿಯಡ್‌ನಲ್ಲಿ ಮುಗಿಸಿ ಕೈ ಝಾಡಿಸಿಕೊಂಡುಬಿಡುತ್ತಿದ್ದರು. ಬದಲಾಗದ ಸಂಖ್ಯೆಗೆ ಸೊನ್ನೆ. ಘಾತವಿದ್ದರೆ ಅದನ್ನು ಕೆಳಗಿಳಿಸಿ ಮುಂದೆ ಬರೆಯಿರಿ, ಮೇಲೆ ಒಂದು ಕಳೆಯಿರಿ. ಕೂಡಿಸಿದ್ದರೆ ಬೇರೆ ಬೇರೆ ತೆಗೆದು ಕೂಡಿಸಿರಿ. ಶಿಗ್ಗಾಂವಿಯ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅದೇ ಪಾಠ, ಅದೇ ಚೇಷ್ಟೆ, ಅದೇ ಹಳದಿ ಸೀಮೆಸುಣ್ಣ. ಸವಣೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ತಿರುಗುವ ಮನುಷ್ಯನಿಗೆ ಇಷ್ಟು ಸಾಕಲ್ಲವೆ?

ಎರಡನ್ನು ಗುಣಿಸಿದ್ದರೆ ಮಾತ್ರ ಒಂದು ಚಿತ್ರ ಬೇಕಾಗುತ್ತಿತ್ತು. ಹಲಗೆಯ ಮೇಲೆ ಒಂದು ಹೊಲ ಬರೆದು ಮಾಸ್ತರರು ಹೇಳಿದರು.

"ಹೊಲದ ಉದ್ದ ಚೂರು ಬೆಳೀತು, ಅಗಲನೂ ಚೂರು ಬೆಳೀತು. ಹೊಸದಾಗಿ ಏನು ಸಿಕ್ತು? ಈ ಕಡೆ ಒಂದು ಪಟ್ಟಿ, ಆ ಕಡೆ ಒಂದು ಪಟ್ಟಿ. ಎರಡೂ ಕೂಡಿಸಿದ್ರ ಮುಗೀತು. ಮೂಲ್ಯಾಗ ಈ ಚೌಕ ಉಳೀತದ ನೋಡ್ರಿ, ಇದು ಭಾಳ ಸಣ್ಣದು. ಬಿಟ್ಟುಬಿಡೂಣು."

ಎರಡನೇ ಬೆಂಚಿನಲ್ಲಿ ಹಿರೇಬೆಂಡಿಗೇರಿಯ ತನುಜಾ ಎದ್ದು ನಿಂತಳು.

"ಯಾರಿಗೆ ಬಿಡೂದ್ರಿ ಸರ?"

ಇಡೀ ಕ್ಲಾಸು ಗೊಳ್ಳೆಂದಿತು. ಮಾಸ್ತರರೂ ನಕ್ಕು, "ಯಾರಿಗಾರ ಬಿಡವಾ, ಮುಂದ ನಡಿ" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತಿನ ಬೆಲೆ ಎಷ್ಟೆಂದು ಅವರಿಗೆ ಗೊತ್ತಾದದ್ದು ಮುಂದಿನ ವಾರದ ಟೆಸ್ಟಿನಲ್ಲಿ.

ಉಳಿದ ಹುಡುಗರು ಮಾಡುವ ತಪ್ಪು ಅವರಿಗೆ ಹಳೆಯ ಪರಿಚಯ. ಎರಡರ ಡೆರಿವೇಟಿವ್ ತೆಗೆದು ಎರಡನ್ನೂ ಗುಣಿಸಿಬಿಡುತ್ತಾರೆ, ಬೈದರೆ ತಿದ್ದಿಕೊಳ್ಳುತ್ತಾರೆ. ತನುಜಾ ಹಾಗೆ ಮಾಡಿರಲಿಲ್ಲ. ಎರಡೂ ಪಟ್ಟಿಗಳನ್ನು ಸರಿಯಾಗಿ ಬರೆದು, ಪಕ್ಕದಲ್ಲಿ ಮೂಲೆಯನ್ನೂ ಕೂಡಿಸಿದ್ದಳು. ಹತ್ತಕ್ಕೆ ಹತ್ತು ಲೆಕ್ಕದಲ್ಲೂ ಮೂಲೆ! ಮಾಸ್ತರರು ಕೆಂಪು ಪೆನ್ನಿನಿಂದ ದೊಡ್ಡದೊಂದು ಸೊನ್ನೆ ಸುತ್ತಿದರು.

ಶನಿವಾರ ಸ್ಟಾಫ್ ರೂಮಿನ ಬಾಗಿಲಿಗೆ ಹುಡುಗಿ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಮಾಸ್ತರರಿಗೆ ಸಮಾಧಾನ ಹೇಳಲು ಬರುತ್ತಿತ್ತು.

"ಸರ, ಸೋಮವಾರ ಅಪ್ಪ ಬಂದು ಟಿ.ಸಿ. ಒಯ್ತಾನ್ರಿ. ಬರೂ ವರ್ಷ ಹೊಸದಾಗಿ ಆರ್ಟ್ಸ್‌ಗೆ ಸೇರ್ತೇನ್ರಿ. ಯಾಕಂತ ತಿಳೀಲಾರದ ಆ ಮೂಲಿ ಬಿಡಾಕ ನನಗ ಆಗೂದಿಲ್ರಿ."

ಅವಳು ಹೋದ ಮೇಲೆ ಮಾಸ್ತರರು ಅವಳ ಹಳೆಯ ಪೇಪರುಗಳನ್ನೆಲ್ಲ ತೆಗೆದು ಹರಡಿದರು. ಜೂನ್‌ನಿಂದ ಜನವರಿಯವರೆಗೆ ಆ ಹುಡುಗಿ ಎಲ್ಲಿಯೂ ಎಡವಿರಲಿಲ್ಲ. ಇಂಥವಳು ಗಣಿತ ಬಿಟ್ಟು ಹೋದರೆ ಅದರ ಪಾಪ ತಮಗೇ ಎಂದು ಅವರಿಗೆ ಅನಿಸಿತು. ಮರುದಿನ ರವಿವಾರ, ಊಟ ಕೂಡ ಮಾಡದೆ ಹಿರೇಬೆಂಡಿಗೇರಿಯ ಬಸ್ಸು ಹತ್ತಿದರು.

ತನುಜಾಳ ಅಪ್ಪ ಬಸವಣ್ಣೆಪ್ಪ ಮಾಸ್ತರರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಡಿಸಿ, ಆಮೇಲೆ ವಿಷಯಕ್ಕೆ ಬಂದ.

"ಮೂಲಿ ಬಿಡಂತ ಹೇಳಿದ್ರಂತಲ್ಲರಿ ಸರ? ನಮ್ಮಪ್ಪ ಒಂದು ಬುಟ್ಟಿ ಬದುವಿನ ಮಣ್ಣಿಗೆ ಹಾವೇರಿ ಕೋರ್ಟ್ ಮಟ ಹೋಗಿದ್ದ್ರಿ. ನಮ್ಮ ಮನ್ಯಾಗ ಹುಟ್ಟಿದ್ದಕ್ಕ ಬಿಡು ಅಂದ್ರ ಹ್ಯಾಂಗ ಬಿಟ್ಟೀತು?"

ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದ ಉತ್ತರವನ್ನು ಮಾಸ್ತರರು ಮನಸ್ಸಿನಲ್ಲೇ ತಿರುವಿ ನೋಡಿದರು. ಸಣ್ಣದು, ಅದಕ್ಕೇ ಬಿಡುತ್ತೇವೆ ಎನ್ನಬೇಕೆ? ಹಾಗಾದರೆ ಪಟ್ಟಿಗಳೂ ಸಣ್ಣವೇ. ಅವನ್ನೇಕೆ ಇಟ್ಟುಕೊಳ್ಳುತ್ತೇವೆ? ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆ ತಮ್ಮ ತಲೆಗೆ ಒಮ್ಮೆಯೂ ಬಂದಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಮನೆಯ ಮುಂದೆ ಸಣ್ಣದೊಂದು ಕಣವಿತ್ತು. ಕಾಳು ಒಣಗಿಸಲೆಂದು ಅಜ್ಜಿ ಹಾಲವ್ವ ಅದನ್ನು ಸಗಣಿಯಿಂದ ಸಾರಿಸಿ ಆಗತಾನೇ ಕೈ ತೊಳೆದುಕೊಂಡಿದ್ದಳು. ಮಾಸ್ತರರು ಎದ್ದು ಅದರ ಅಂಚಿಗೆ ಹೋದರು.

"ತುಳೀಬ್ಯಾಡ್ರಿ, ಇನ್ನಾ ಹಸೀ ಐತಿ" ಎಂದು ಹಾಲವ್ವ ಎಚ್ಚರಿಸಿದಳು.

"ಇಲ್ಲರಿ. ಎಷ್ಟದ ಈ ಕಣ?"

"ಹತ್ತು ಮೊಳ ಉದ್ದ, ಎಂಟು ಮೊಳ ಅಗಲ್ರಿ" ಎಂದಳು ಒಳಗಿನಿಂದ ಬಂದ ತನುಜಾ.

"ಉದ್ದಕ್ಕೂ ಅಗಲಕ್ಕೂ ಒಂದೊಂದು ಮೊಳ ಬೆಳೆಸಿದ್ರ?"

"ಪಟ್ಟಿ ಎರಡೂ ಕೂಡಿ ಹದಿನೆಂಟು, ಮೂಲಿ ಒಂದು." ಹುಡುಗಿಗೆ ಅದು ನೀರು ಕುಡಿದಷ್ಟು ಸಲೀಸು.

"ಮೊಳ ಬ್ಯಾಡ, ಅರ್ಧ ಮೊಳ. ಒಂದು ಗೇಣು."

"ಪಟ್ಟಿ ಒಂಬತ್ತು, ಮೂಲಿ ಕಾಲು."

"ಅರ್ಧ ಗೇಣು?"

"ಪಟ್ಟಿ ನಾಕೂವರಿ. ಮೂಲಿ..." ತನುಜಾ ತಡೆದಳು. "ಕಾಲಿನ ಕಾಲು."

"ವೀಸ" ಎಂದಳು ಹಾಲವ್ವ. ಹದಿನಾರರಲ್ಲಿ ಒಂದು ಪಾಲಿಗೆ ಆಕೆಯ ಕಾಲದವರು ಅನ್ನುತ್ತಿದ್ದ ಹೆಸರು ಅದು. ಶಾಲೆಯ ಮೆಟ್ಟಿಲು ಹತ್ತದ ಮುದುಕಿ ಬಾಯಿಲೆಕ್ಕದಲ್ಲಿ ಮಾಸ್ತರರಿಗಿಂತ ಮುಂದಿದ್ದಳು.

ತನುಜಾ ಒಂದು ಕಡ್ಡಿ ತೆಗೆದುಕೊಂಡು ಕಣದ ಹೊರಗೆ ಮಣ್ಣಿನಲ್ಲಿ ಬರೆಯತೊಡಗಿದಳು. ಮಾಸ್ತರರಿಗೆ ಬಾಯಿ ತುರಿಸಿತು, ಆದರೆ ಈ ಸಲ ಮುಂದಕ್ಕೆ ನಡಿ ಎನ್ನಲಿಲ್ಲ.

"ಬೆಳೆಸೂದು ಅರ್ಧ ಆದ್ರ ಪಟ್ಟಿ ಅರ್ಧ ಆಗ್ತಾವ. ಮೂಲಿ ಕಾಲು ಪಾಲಿಗೆ ಇಳೀತೈತಿ" ಎಂದಳು ತನ್ನಷ್ಟಕ್ಕೆ. "ಎಲ್ಲಾ ಕೂಡಿಸಿ, ಬೆಳೆಸಿದ್ದರಿಂದ ಭಾಗಿಸಿ, ಒಂದು ಮೊಳದ ಲೆಕ್ಕಕ್ಕ ಎಷ್ಟು ಬಿತ್ತು ಅಂತ ತಗದ್ರ... ಮೊದಲ ಹತ್ತೊಂಬತ್ತು. ಗೇಣಿಗೆ ಹದಿನೆಂಟೂವರಿ. ಅರ್ಧ ಗೇಣಿಗೆ ಹದಿನೆಂಟೂಕಾಲು. ಇನ್ನ ಸಣ್ಣದು ಮಾಡಿದ್ರ ಹದಿನೆಂಟೂ ಅರಕಾಲು..."

ಕಡ್ಡಿ ನಿಂತಿತು.

"ಸರ, ಹದಿನೆಂಟು ಎಲ್ಲೂ ಹೋಗೂದಿಲ್ರಿ! ಅದು ಪಟ್ಟೀದು. ಮೂಲಿ ಅಷ್ಟ ಹೋಗಾಕತ್ತೈತಿ. ನಾವು ಬಿಡೂದಲ್ಲರಿ ಅದನ್ನ, ಅದ ತಾನಾಗೇ ಕರಗತೈತಿ."

"ಹೌದವಾ" ಎಂದರು ಮಾಸ್ತರರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಹಸಿ ಕಣದ ಮೇಲೆ ಒಂದು ಹೆಜ್ಜೆ ಇಟ್ಟೇಬಿಟ್ಟರು. ಹಾಲವ್ವ "ಅಯ್ಯ ಶಿವನೇ" ಎಂದು ಕೂಗಿದಳು.

ಬಸವಣ್ಣೆಪ್ಪನಿಗೆ ಮಗಳ ಮುಖ ಬಿಟ್ಟು ಬೇರೇನೂ ಅರ್ಥವಾಗಿರಲಿಲ್ಲ. "ಹಂಗಾದ್ರ ಸೊನ್ನಿ ಕೊಟ್ಟದ್ದು ತಪ್ಪೇನ್ರಿ ಸರ?"

"ಸೊನ್ನಿ ತಪ್ಪಲ್ಲರಿ, ಉತ್ತರ ತಪ್ಪಿತ್ತು. ಆದ್ರ ಅದಕ್ಕಿಂತ ಮೊದಲ ನನ್ನ ಪಾಠ ತಪ್ಪಿತ್ತು."

ತನುಜಾ ಅವರನ್ನೇ ನೋಡಿದಳು. "ನೀವು ಕಲಿಯೂ ಮುಂದ ಇದನ್ನ ಕೇಳಿರಲಿಲ್ಲೇನ್ರಿ ಸರ?"

"ಇಲ್ಲವಾ" ಎಂದರು ಜಯತೀರ್ಥ ಮಾಸ್ತರರು. "ಬಿಡು ಅಂದ್ರು, ಬಿಟ್ಟೆ."

ಯಾರೂ ನಗಲಿಲ್ಲ. ಹುಡುಗಿ ಕಡ್ಡಿಯನ್ನು ಬದಿಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದ ಅಜ್ಜಿಯನ್ನು ದಾಟಿ ಅಪ್ಪನ ಹತ್ತಿರ ಬಂದಳು.

"ಅಪ್ಪಾ, ನಾಳೆ ನೀ ಶಿಗ್ಗಾಂವಿಗೆ ಬರೂದು ಬ್ಯಾಡ. ನಾ ಒಬ್ಬಾಕಿನ ಹೋಗ್ತೇನಿ, ಕ್ಲಾಸ್ ಐತಿ."