ಒಬ್ಬರ ದೋಣಿ, ಇಬ್ಬರ ದೋಣಿ

ರವೀಂದ್ರ ಹದಿನೈದು ವರ್ಷ ನೌಕಾಪಡೆಯಲ್ಲಿದ್ದು ಬಂದು, ಪಾಂಡವಪುರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ. ಹೆಂಡತಿ ರಂಜಿತ ಬಿಂಡಿಗನವಿಲೆಯವಳು. ಮದುವೆಯಾಗುವವರೆಗೂ ಮೊಣಕಾಲು ಮೀರಿದ ನೀರಿಗೆ ಇಳಿದವಳೇ ಅಲ್ಲ. ಅಂಥವಳನ್ನು ಅವನು ಕನ್ನಂಬಾಡಿಯ ಹಿನ್ನೀರಿಗೆ ಕರೆದೊಯ್ದು, ತಾನೇ ಪ್ಲೈವುಡ್ಡಿನಲ್ಲಿ ಮಾಡಿದ ಪುಟ್ಟ ಹಾಯಿದೋಣಿಯಲ್ಲಿ ಕೂರಿಸಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗುವುದು ಅವನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಅವರಿಗೆ ಮಕ್ಕಳಾಗಲಿಲ್ಲ. ಐವತ್ತು ದಾಟಿದ ಮೇಲೆ ಇಬ್ಬರೂ ಕೆಲಸ ಬಿಡುವುದು, ಹಳೆಯದೊಂದು ದೊಡ್ಡ ಹಾಯಿದೋಣಿ ಕೊಂಡು ಕಾರವಾರದಿಂದ ಕೊಚ್ಚಿಯವರೆಗೆ ಕರಾವಳಿ ಹಿಡಿದು ಹೋಗುವುದು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ ಎಂದು ಹದಿನೆಂಟು ವರ್ಷದಿಂದ ಮಾತಾಡಿಕೊಂಡು ಬಂದಿದ್ದರು. ಆ ವರ್ಷ ಕಾರವಾರದಿಂದ ಪುಟ್ಟಸ್ವಾಮಿಯ ಫೋನು ಬಂತು. ಕೆ.ಆರ್. ಪೇಟೆ ಕಡೆಯವನಾದ ಅವನು ನೌಕಾಪಡೆಯಲ್ಲಿ ರವೀಂದ್ರನ ಜೊತೆಗಾರ. ಈಗ ಅಲ್ಲೇ ದೋಣಿ ರಿಪೇರಿ ಮಾಡಿಕೊಂಡಿದ್ದ. ನಲವತ್ತು ವರ್ಷದ ಹಳೆಯವು ಎರಡು ಮಾರಾಟಕ್ಕಿವೆ, ಒಂದು ಬಿಳಿ, ಒಂದು ನೀಲಿ, ನೋಡಿಕೊಂಡು ಹೋಗಿ ಎಂದ.

ಫೋಟೋ ನೋಡಿದಾಗ ಇಬ್ಬರಿಗೂ ಬಿಳಿಯದೇ ಹಿಡಿಸಿತು. ತೆಳ್ಳನೆಯ ಮೈ, ಎತ್ತರದ ಹಾಯಿ, ಒಳಗೆ ಎದುರುಬದುರು ಎರಡು ಮಲಗುವ ಹಲಗೆ, ನಡುವೆ ಒಲೆ.

ಕಾರವಾರದಲ್ಲಿ ಎರಡನ್ನೂ ದಡಕ್ಕೆ ಎಳೆದು ನಿಲ್ಲಿಸಿದ್ದರು. ಎರಡಕ್ಕೂ ತಳದಲ್ಲಿ ಬೆನ್ನುಮೂಳೆಯಂತೆ ಇಳಿದ, ದೋಣಿ ದಾರಿ ತಪ್ಪದಂತೆ ಹಿಡಿದಿಡುವ ಭಾರವಾದ ದಿಂಡು. ನೀಲಿಯದರಲ್ಲಿ ಅದು ಮೂತಿಯಿಂದ ಚುಕ್ಕಾಣಿಯವರೆಗೂ ಉದ್ದ, ಇನ್ನೂ ಆಳ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ರಂಜಿತ ನೋಟುಬುಕ್ಕಿನ ಹಾಳೆಯ ಮಧ್ಯೆ ಗೆರೆ ಎಳೆದು, ಮರದ ಸುತ್ತಿಗೆಯಿಂದ ತಳ ಬಡಿದು ಸದ್ದು ಕೇಳುತ್ತ, ಒಂದೊಂದು ಕಡೆ ಒಂದೊಂದು ದೋಣಿಯ ಬಗ್ಗೆ ಬರೆದುಕೊಂಡಳು. ಬಿಳಿಯದರಲ್ಲಿ ಹಾಯಿ ಕಟ್ಟುವ ಕೂವೆಮರದ ಬುಡ ಗಟ್ಟಿ. ನೀಲಿಯದರಲ್ಲಿ ಒಂದು ಕಡೆ ನೀರಿನ ಟ್ಯಾಂಕು ಕೂತಿದ್ದರಿಂದ ಮಲಗಲು ಒಬ್ಬರಿಗಷ್ಟೇ ಜಾಗ.

ಮಾರನೆಯ ದಿನ ಕಡಲು ಉಬ್ಬುವ ಭರತದ ಹೊತ್ತಿಗೆ ನೀರಿಗಿಳಿಸಿ, ಒಂದೊಂದನ್ನೂ ಒಂದು ಗಂಟೆ ಓಡಿಸಿದರು. ಬಿಳಿಯದು ಬಾಣದ ಹಾಗೆ ಹೋಯಿತು. ಆದರೆ ಒಬ್ಬರು ಚುಕ್ಕಾಣಿ ಹಿಡಿದೇ ಇರಬೇಕು, ಇನ್ನೊಬ್ಬರು ಮುಂದೆ ಹೋಗಿ ಹಾಯಿ ಬದಲಿಸಬೇಕು. ನೀಲಿಯದು ಎಮ್ಮೆಯ ನಡಿಗೆ. ರಂಜಿತ ಅದರ ಚುಕ್ಕಾಣಿಯ ಹಿಡಿಕೆಗೆ ಹಗ್ಗ ಬಿಗಿದು ಕೈಬಿಟ್ಟು, ಗಡಿಯಾರ ನೋಡುತ್ತ ಕೂತಳು. ಇಪ್ಪತ್ತು ನಿಮಿಷ ಯಾರೂ ಮುಟ್ಟದೆ ಅದು ಹಿಡಿದ ದಾರಿ ಬಿಡಲಿಲ್ಲ. ಅವಳು ಏನನ್ನೋ ಬರೆದುಕೊಂಡು ಪುಸ್ತಕ ಮುಚ್ಚಿದಳು.

ಊರಿಗೆ ಬಂದ ಮೇಲೆ ಅವಳು ನೀಲಿಯದೇ ಇರಲಿ ಎಂದಾಗ ರವೀಂದ್ರನಿಗೆ ನಂಬಲಾಗಲಿಲ್ಲ. ಅದರಲ್ಲಿ ಇಬ್ಬರು ಮಲಗುವುದು ಹೇಗೆ ಎಂದು ಕೇಳಿದರೆ ಅವಳು ಎದ್ದು ಅಡುಗೆಮನೆಗೆ ಹೋದಳು. ಜೊತೆಯಲ್ಲಿ ಹೊರಡುವ ಮನಸ್ಸೇ ಇವಳಿಗೆ ಇಲ್ಲವಾಯಿತೇ ಎಂಬ ಕೊರಗು ಅವನೊಳಗೆ ಹೊಕ್ಕಿತು. ಒಂದು ವಾರ ಊಟಕ್ಕೆ ಕರೆಯುವಷ್ಟೇ ಮಾತು. ಕಡೆಗೆ ಅವಳನ್ನು ಕೇಳದೆ ಪುಟ್ಟಸ್ವಾಮಿಗೆ ಫೋನು ಮಾಡಿ, ಬಿಳಿಯದನ್ನು ತನಗೇ ಇಟ್ಟಿರು ಎಂದುಬಿಟ್ಟ.

ಆ ಭಾನುವಾರ ಇಬ್ಬರೂ ಕರಿಘಟ್ಟದ ಬೆಟ್ಟಕ್ಕೆ ಹೋದರು. ಪ್ರತಿ ಸಲ ಅವನಿಗಿಂತ ಮುಂದೆ ಹತ್ತುತ್ತಿದ್ದವಳು ಕಾಲುಭಾಗ ಮೆಟ್ಟಿಲಿಗೇ ಕೂತಳು. ಅವಳ ತುಟಿ ಬಿಳಿಚಿತ್ತು. ಏನಾಯಿತೆಂದು ಅವನು ಕೇಳಿದ್ದಕ್ಕೆ ಅವಳು ಕೆಳಗೆ ಕಾವೇರಿಯನ್ನು ನೋಡುತ್ತಲೇ ಹೇಳಿದಳು. ಕಾರವಾರಕ್ಕೆ ಹೋಗುವ ಮೂರು ದಿನ ಮುಂಚೆ ಮೈಸೂರಿನಲ್ಲಿ ರಿಪೋರ್ಟು ಕೈಗೆ ಬಂದಿತ್ತು. ಹೊಟ್ಟೆಯಲ್ಲಿ ಗಡ್ಡೆ, ಲಿವರಿಗೂ ಹಬ್ಬಿತ್ತು.

"ಬಿಳೀದು ಇಬ್ಬರ ದೋಣಿ ಕಣ್ರೀ," ಎಂದಳು. "ನಾನು ಎಷ್ಟು ದಿನ ಇರ್ತೀನೋ ಡಾಕ್ಟ್ರಿಗೂ ಗೊತ್ತಿಲ್ಲ. ನೀಲೀದಾದ್ರೆ ನೀವೊಬ್ರೇ ಓಡಿಸ್ಬೌದು. ಚುಕ್ಕಾಣಿ ಕಟ್ಟಾಕಿ ಒಂದ್ ಗಳಿಗೆ ಮಲಗ್ಬೌದು. ಅದ್ಕೇ ನೋಡ್ತಿದ್ದೆ."

"ಒಬ್ನೇ ಎಲ್ಲಿಗೋಗ್ಲಿ ರಂಜಿ?"

ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಆ ವಾರವೆಲ್ಲ ಮುಖ ಗಂಟಿಕ್ಕಿಕೊಂಡು ಉಂಡೆದ್ದದ್ದು ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಆರು ತಿಂಗಳಿದ್ದಳು. ಬಿಳಿಯದನ್ನು ಬೇರೆ ಯಾರಿಗಾದರೂ ಕೊಟ್ಟು ನೀಲಿಯದನ್ನು ಇಟ್ಟಿರಲು ಪುಟ್ಟಸ್ವಾಮಿಗೆ ಹೇಳಿದ್ದಾಯಿತು. ಮೈಯಲ್ಲಿ ಕಸುವಿದ್ದಷ್ಟು ದಿನ ಅವಳು ನೀಲಿ ದೋಣಿಯಲ್ಲಿ ಏನೇನು ಸರಿಪಡಿಸಬೇಕೆಂದು ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಕೊನೆಯ ವಾರಗಳಲ್ಲಿ ಮಾತು ತೊದಲಿದಾಗಲೂ ಅವನು ತಲೆಯಾಡಿಸುತ್ತ, ಆಗಲಿ ಆಗಲಿ ಎನ್ನುತ್ತಿದ್ದ.

ಅವಳ ತಿಥಿಕಾರ್ಯವೆಲ್ಲ ಮುಗಿದು ಎರಡು ತಿಂಗಳಿಗೆ ಅವನು ಕಾರವಾರಕ್ಕೆ ಹೋದ. ಪುಟ್ಟಸ್ವಾಮಿ ನೀಲಿ ದೋಣಿಯನ್ನು ತೊಳೆದು ಸಿದ್ಧ ಮಾಡಿಟ್ಟಿದ್ದ. ಕೊಳ್ಳುವ ಮುಂಚೆ ಒಂದು ಸುತ್ತು ಓಡಿಸಿ ನೋಡಲು ರವೀಂದ್ರ ಒಬ್ಬನೇ ಅದರಲ್ಲಿ ಹೊರಟ. ಅಳಿವೆ ದಾಟಿದ ಮೇಲೆ ಚುಕ್ಕಾಣಿ ಕಟ್ಟಿದ. ಅವಳು ಲೆಕ್ಕ ಹಾಕಿದಂತೆಯೇ ದೋಣಿ ನೆಟ್ಟಗೆ ನಡೆಯಿತು. ಅವನ ಕೈಗೆ ಕೆಲಸವೇ ಇರಲಿಲ್ಲ. ಎದುರಿಗೆ ಟ್ಯಾಂಕಿನ ಮುಚ್ಚಳ, ಆಚೆಗೆ ಬರೀ ನೀರು. ಆಸ್ಪತ್ರೆಯಲ್ಲಾಗಲಿ ಮಣ್ಣು ಮಾಡುವಾಗಲಾಗಲಿ ಬಾರದ ಅಳು ಅಲ್ಲಿ ಬಂತು. ಅವನು ಬಾಯಿಬಿಟ್ಟು ಅತ್ತ. ದೋಣಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು.

ಮರಳಿ ದಡಕ್ಕೆ ಬಂದು ತನಗೆ ಬೇಡವೆಂದ. ಪುಟ್ಟಸ್ವಾಮಿ ಹಗ್ಗ ಸುತ್ತುವುದನ್ನು ನಿಲ್ಲಿಸಿ ಕೇಳಿದ:

"ಯಾಕ್ಲಾ, ಏನಾರ ತೊಂದ್ರೆ ಐತಾ ದೋಣೀಲಿ?"

"ದೋಣೀಲಿ ಏನೂ ಇಲ್ಲ ಕಣ್ಲಾ. ಅವ್ಳು ಸರ್ಯಾಗೇ ನೋಡಿದ್ಲು. ನನ್ ಕೈಲೇ ಆಗಾಕಿಲ್ಲ."

ಹಿಂದಿರುಗುವಾಗ ಅವನು ಪಾಂಡವಪುರಕ್ಕೆ ನೇರ ಹೋಗದೆ ನಾಗಮಂಗಲದಲ್ಲಿಳಿದು ಬಿಂಡಿಗನವಿಲೆಯ ಬಸ್ಸು ಹತ್ತಿದ. ರಂಜಿತಳ ತಾಯಿ ಬೈರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ದೋಣಿ ತಕ್ಕಂಡ್ರಾ, ಅಳೀಮಯ್ಯ?"

"ಇಲ್ಲ ಅತ್ತೆ. ಅವ್ಳು ಏಳಿದ್ದ ಮಾತು ನಡಸ್ಲಿಲ್ಲ ನಾನು."

ಬೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೊರವನ್ನು ಸ್ವಲ್ಪ ಅವನ ಕಡೆಗೆ ಸರಿಸಿದಳು. ಅವನು ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತ. ಬಿಸಿಲು ಜಗಲಿಯಿಂದ ಇಳಿಯುವವರೆಗೂ ಇಬ್ಬರೂ ಕಾಯಿ ಸುಲಿದರು.