ಹರವಿಯೊಳಗಿನ ಪಿಲ್ಸ್ನರ್

ಹುಸೇನಪ್ಪನವರು ಗಾಜಿನ ಲೋಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

ಬಣ್ಣವೇನೋ ಚೆನ್ನಾಗಿತ್ತು, ಹೊಸ ಭತ್ತದ ಹುಲ್ಲಿನಂಥ ತಿಳಿ ಹಳದಿ. ಆದರೆ ಮೇಲೆ ನಿಲ್ಲಬೇಕಿದ್ದ ಬಿಳಿ ನೊರೆ ಸುರಿದ ಮರುಗಳಿಗೆಯೇ ಸತ್ತುಹೋಗಿತ್ತು. ಅದರ ಜಾಗದಲ್ಲಿ ತೆಳ್ಳನೆಯ ಪೊರೆಯೊಂದು, ಬಸ್ ಸ್ಟ್ಯಾಂಡಿನ ಗುಂಡಿಯ ನೀರಿನ ಮೇಲೆ ಡೀಸೆಲ್ ಹರಡಿದ ಹಾಗೆ, ಬಣ್ಣಬಣ್ಣವಾಗಿ ತೇಲುತ್ತಿತ್ತು.

"ಹೆಂಗೈತಿ ಕಾಕಾ?" ಎಂದ ಪಂಪಣ್ಣ.

"ಇನ್ನಾ ಬಾಯಿಗೆ ಹಾಕಿಲ್ಲಲೇ. ಕಣ್ಣಿಂದ ಕುಡೀತಾರೇನು?"

ಹುಸೇನಪ್ಪನವರು ಹೈದರಾಬಾದಿನ ಬಿಯರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ರುಚಿ ನೋಡುವ ಕೆಲಸ ಮಾಡಿ, ನಿವೃತ್ತರಾಗಿ ಮಸ್ಕಿಗೆ ಬಂದು ನೆಲೆಸಿದವರು. ಪಂಪಣ್ಣ ಅದೇ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುತ್ತ, ಬಿಯರ್ ಕಾಯಿಸುವವರ ಕೈಕೆಳಗೆ ನಿಂತು ಎಲ್ಲವನ್ನೂ ನೋಡಿ ಕಲಿತವನು. ಕಾರ್ಖಾನೆ ಮುಚ್ಚಿದ ಮೇಲೆ ಬಳಗಾನೂರಿಗೆ ಮರಳಿ ಎರಡು ವರ್ಷವಾಗಿತ್ತು. ಈಗ ಅವರ ಹಳೆಯ ಮ್ಯಾನೇಜರು ಹೈದರಾಬಾದಿನಲ್ಲೇ ಒಂದು ಸಣ್ಣ ಭಟ್ಟಿ ಶುರುಮಾಡುತ್ತಿದ್ದರು. ಪಿಲ್ಸ್ನರ್ ಎಂಬ ತಿಳಿ ಬಣ್ಣದ, ಕಹಿ ಸ್ವಚ್ಛವಾಗಿರುವ ಬಿಯರನ್ನು ಕೈಯಿಂದಲೇ ಮಾಡಬಲ್ಲ ಮನುಷ್ಯ ಬೇಕಿತ್ತು. 'ಪಂಪಣ್ಣ ಒಂದು ಸಲ ಮಾಡಿ ತೋರಿಸಲಿ. ಕೈ ಒಳ್ಳೆಯದಿದೆ ಎಂದು ಹುಸೇನಪ್ಪ ಬರೆದುಕೊಟ್ಟರೆ ಸಾಕು' ಎಂದು ಅವರು ಹೇಳಿ ಕಳಿಸಿದ್ದರು. ಹುಸೇನಪ್ಪನವರು ಕಾರ್ಡಿನಲ್ಲಿ ಒಂದಿಷ್ಟು ಸಲಹೆ ಬರೆದು ಕಳಿಸಿ, ಇವತ್ತು ರುಚಿ ನೋಡಲು ಬಳಗಾನೂರಿಗೆ ಬಂದಿದ್ದರು.

ಪಂಪಣ್ಣ ಜವೆಗೋಧಿಯನ್ನು ಮೊಳಕೆ ಕಟ್ಟಿ ಮಾಳಿಗೆಯ ಮೇಲೆ ಒಣಗಿಸಿದ್ದ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಹೈದರಾಬಾದಿನಿಂದ ತರಿಸಿದ್ದ. ಎರಡನ್ನೂ ಕಾಯಿಸಿ ಆರಿಸಿದ ರಸಕ್ಕೆ ಯೀಸ್ಟ್ ಬೆರೆಸಿ, ಹೊಸ ಮಣ್ಣಿನ ಹರವಿಗೆ ತುಂಬಿ, ಗೋಣಿತಟ್ಟು ಸುತ್ತಿ, ಚಳಿಗಾಲದ ಐದು ವಾರ ಕಾಲುವೆಯ ನೀರಿನಲ್ಲಿ ಕತ್ತಿನವರೆಗೆ ಇಳಿಬಿಟ್ಟಿದ್ದ. ರುಚಿಗಾರ ನೋಡುವ ಮೊದಲು ಬೇರೆ ಯಾರೂ ಬಾಯಿಗೆ ಹಾಕಬಾರದೆಂಬುದು ಕಾರ್ಖಾನೆಯ ರೂಢಿ. ಅದನ್ನು ಪಾಲಿಸಿ, ತಾನು ಒಂದು ತೊಟ್ಟನ್ನೂ ಮುಟ್ಟಿರಲಿಲ್ಲ.

ಹುಸೇನಪ್ಪನವರು ಮೂಸಿದರು. ಕಮಟು. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ತಲೆಗೆಣ್ಣೆಯ ಡಬ್ಬಿಯನ್ನು ಮೂಗಿಗೇ ಹಿಡಿದಂತಾಯಿತು. ಒಂದು ಗುಟುಕು ಬಾಯಿಗೆ ತೆಗೆದುಕೊಂಡರು. ಅದು ನಾಲಿಗೆಗೆ ಜಿಡ್ಡಾಗಿ ಮೆತ್ತಿ, ಹಲ್ಲಿನ ಸಂದಿಗೆಲ್ಲ ಹರಿದು ನಿಂತಿತು. ಉಗುಳಲು ಜೀವ ಹಾತೊರೆಯಿತು. ಆದರೆ ಬಿಯರಿನ ಕಹಿ ತಿಳಿಯುವುದು ಗಂಟಲಿನ ಹಿಂಭಾಗದಲ್ಲಿ. ಉಗುಳಿದರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣು ಮುಚ್ಚಿ ನುಂಗಿದರು.

ಪಂಪಣ್ಣನ ಹೆಂಡತಿ ಗಾಳೆಮ್ಮ ಕೇಳದೆಯೇ ನೀರು ಮತ್ತು ಒಂದು ಚೂರು ರೊಟ್ಟಿ ಮುಂದಿಟ್ಟಳು.

"ಹಬ್ಬಕ್ಕ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಮಾಡೀನ್ರಿ. ಆದ್ರ ರುಚಿ ನೋಡೋರ ಬಾಯಿ ಸಪ್ಪಗಿರಬೇಕಂತ ನೀವ ಕಾರ್ಡಿನ್ಯಾಗ ಬರದಿದ್ರಿ. ಅದಕ್ಕ ನಿಮಗಂತ ಬ್ಯಾರೆ ಜ್ವಾಳದ್ದು ಬಡಿದೆ."

ಇಷ್ಟು ನೆನಪಿಟ್ಟಾಳಲ್ಲ ಎಂದು ಅವರು ಅವಳ ಮುಖ ನೋಡಿದರು.

"ಕೈ ಕೆಟ್ಟೈತೇನು ಕಾಕಾ? ಹೇಳಿಬಿಡು," ಎಂದ ಪಂಪಣ್ಣ. "ಹೈದ್ರಾಬಾದಿನ ಆಸೆ ಬಿಟ್ಟು ನಾಟಿಗದ್ದಿಗೆ ಇಳೀತೀನಿ."

"ಹರವಿ ಯಾರು ತೊಳದ್ರು?"

"ನಾನ. ಮೂರು ಸರತಿ, ಬೂದಿ ಹಾಕಿ, ಸುಡು ನೀರಿಲೆ. ಯಾರಿಗೂ ಮುಟ್ಟಾಕ ಕೊಟ್ಟಿಲ್ಲ. ಇಕಿಗಂತೂ ಮೊದಲ ಕೊಟ್ಟಿಲ್ಲ."

ತಂಬಿಗೆ ಎತ್ತುತ್ತಿದ್ದ ಗಾಳೆಮ್ಮನ ಕೈ ತಡೆಯಿತು. ಅವಳ ಕಣ್ಣು ಗೋಡೆಯ ಗೂಡಿನ ಕಡೆ ಹೋಗಿ ತಟ್ಟನೆ ಹಿಂದೆ ಬಂತು. ಅಲ್ಲಿ ಚಿಂದಿಬಟ್ಟೆ ತುರುಕಿದ ಕುಸುಬಿ ಎಣ್ಣೆಯ ಬಾಟಲಿ ಇತ್ತು.

ಹುಸೇನಪ್ಪನವರಿಗೆ ಎಲ್ಲವೂ ತಿಳಿಯಿತು. ನೊರೆಯನ್ನು ಕೊಲ್ಲಲು ಒಂದು ಹನಿ ಎಣ್ಣೆ ಸಾಕು. ಎಣ್ಣೆ ಎಂದು ಬಾಯಿಬಿಟ್ಟರೆ ಈ ಸಿಡುಕ ಅವಳ ಮೇಲೆ ಎಗರುತ್ತಾನೆ. ಏನೂ ಹೇಳದೆ ಎದ್ದರೆ ಕೆಟ್ಟದ್ದು ಅವನ ಕೈ ಎಂದಾಗುತ್ತದೆ. ಚೆನ್ನಾಗಿದೆ ಎಂದು ಬರೆದರೆ ಅದು ಸುಳ್ಳು. ಆ ಕೈ ನಿಜವಾಗಿ ಹೇಗಿದೆ ಎಂದು ಅವರಿಗೇ ಇನ್ನೂ ಗೊತ್ತಿರಲಿಲ್ಲ. ತಿಳಿಯಲು ಇದ್ದದ್ದು ಒಂದೇ ದಾರಿ.

"ಇನ್ನೊಂದು ಲೋಟ ತಾ. ರಬ್ಬರ್ ಪೈಪ್ ಹಾಕಿ ಹರವಿ ತಳದಿಂದ ಎಳಿ."

ಎರಡನೆಯ ಲೋಟದಲ್ಲಿ ಪೊರೆ ಕಡಿಮೆಯಿತ್ತು. ಆದರೆ ಕಮಟು ಇಡೀ ಹರವಿಗೇ ಇಳಿದಿತ್ತು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಹಣೆಯ ಮೇಲೆ ತಣ್ಣನೆಯ ಬೆವರು ಬಂತು. ಆಗ ಆ ಜಿಡ್ಡಿನ ಅಡಿಯಲ್ಲಿ ಏನೋ ಒಂದು ಮಿಂಚಿ ಹೋಯಿತು. ಬೇವಿನ ಹೂವಿನಂಥ ತೆಳು ಕಹಿ. ಬಂತು, ನಿಂತಿತು, ಕಲೆ ಉಳಿಸದೆ ಹೋಯಿತು. ಹುಳಿಯಿಲ್ಲ, ಹೊಗೆಯಿಲ್ಲ. ತಮಗೆ ಹಾಗನ್ನಿಸಿದ್ದೋ, ನಿಜವೋ? ಮೂರನೆಯ ಲೋಟ ತರಿಸಿದರು. ಪ್ರತಿ ಗುಟುಕೂ ಕರಿದು ಉಳಿದ ಎಣ್ಣೆಯನ್ನು ಕುಡಿದಂತಿತ್ತು. ಆದರೂ ಆ ಕಹಿ ಮತ್ತೆ ಬಂತು, ಅಷ್ಟೇ ಸ್ವಚ್ಛವಾಗಿ.

ಲೋಟ ಕೆಳಗಿಟ್ಟವರೇ ಹಿತ್ತಲಿಗೆ ಓಡಿ ಗೋಡೆ ಹಿಡಿದು ಎಲ್ಲವನ್ನೂ ಕಾರಿದರು.

ಗಾಳೆಮ್ಮ ಹಿಂದೆಯೇ ಬಂದು ಬೆನ್ನು ಸವರಿದಳು. ಕೈಗೆ ನೀರು ಹಾಕಿದಳು.

"ಕಾಕಾರ, ಎಣ್ಣಿ ಹಚ್ಚಿದಾಕಿ ನಾನ್ರಿ," ಎಂದಳು ಪಿಸುದನಿಯಲ್ಲಿ.

"ಗೊತ್ತಾತು ಬಿಡವ್ವ."

"ಹೊಸ ಹರವಿ ಜಿನುಗತೈತಿ, ಜಿನುಗದಂಗ ನೋಡಿಕೋರಿ ಅಂತ ನಿಮ್ಮ ಕಾರ್ಡಿನ್ಯಾಗಿತ್ತು. ಅವರು ಓದಿದ್ದು ಕೇಳಿಸ್ಕೊಂಡೆ. ಉಪ್ಪಿನಕಾಯಿ ಗಡಿಗಿಗೆ ನಮ್ಮವ್ವ ಎಣ್ಣಿ ಕುಡಿಸ್ತಿದ್ಲು. ಹರವಿ ತೊಳದಿಟ್ಟು ಅವರು ಸಿಂಧನೂರಿಗೆ ಹೋದ ದಿನ ಒಳಗ ಹಚ್ಚಿಬಿಟ್ಟೆ. ಅಷ್ಟು ಆಸೆ ಪಟ್ಟು ಮಾಡಿದ್ದು ಸೋರಿ ಹೋಗಬಾರ್ದಂತ."

ಹುಸೇನಪ್ಪನವರು ಬಾಯಿ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. ಬರೆದದ್ದು ಹೌದು. ಉಕ್ಕಿನ ತೊಟ್ಟಿಗಳ ನಡುವೆ ಆಯುಷ್ಯ ಕಳೆದ ತಮಗೆ ಹರವಿಯ ವಿಷಯ ಏನು ಗೊತ್ತಿತ್ತು?

ಒಳಗೆ ಬಂದು ಕೂತು, "ಹರವಿಗೆ ಎಣ್ಣಿ ಕುಡಿಸ್ಯಾರ," ಎಂದರು.

ಪಂಪಣ್ಣ ಗರಕ್ಕನೆ ಹೆಂಡತಿಯತ್ತ ತಿರುಗಿದ. "ನೀನೇನ? ಮುಟ್ಟಬ್ಯಾಡ ಅಂತ..."

"ಸುಮ್ಮನಿರಲೇ! ಜಿನುಗದಂಗ ನೋಡಿಕೋ ಅಂತ ಬರದಾವ ನಾನು. ಹೆಂಗ ಅಂತ ಬರೀಲಿಲ್ಲ. ತಪ್ಪು ನಂದು. ಕಾರ್ಡ್ ಓದಿದಾವ ನೀನು, ಏನ್ ಮಾಡಿದಿ? ಈ ಮನ್ಯಾಗ ನನ್ನ ಮಾತು ನಡಿಸಿದಾಕಿ ಆಕಿ ಒಬ್ಬಾಕಿನ."

ಪಂಪಣ್ಣ ಲೋಟದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. ಅವನ ಮುಖ ಸೊಟ್ಟಗಾಯಿತು. "ಥೂ! ಥೂ! ಇದನ್ನ ಮೂರು ಲೋಟ ಕುಡದಿಯಲ್ಲ ಕಾಕಾ?"

"ಮತ್ತ? ನಿನ್ನ ಕೈ ಹುಡುಕಬೇಕಿತ್ತಲ್ಲ."

ಅಲ್ಲೇ ಕಾಗದ ತರಿಸಿ ಬರೆದರು: 'ಈ ಬಿಯರ್ ಕುಡಿಯಲು ಯೋಗ್ಯವಿಲ್ಲ. ಮಾಡಿದ ಕೈ ಯೋಗ್ಯವಾಗಿದೆ. ಪಾತ್ರೆ ಕೆಟ್ಟದ್ದು ನನ್ನ ಅರೆಬರೆ ಸಲಹೆಯಿಂದ. ಒಳ್ಳೆಯ ತೊಟ್ಟಿ ಕೊಟ್ಟು ನೋಡಿ.'

ಪಂಪಣ್ಣ ಅದನ್ನು ಎರಡು ಸಲ ಓದಿದ. ಮಡಚಿ ಜೇಬಿಗಿಟ್ಟ. ಆಮೇಲೆ ಹರವಿಯ ಹತ್ತಿರ ಹೋಗಿ, ಹೆಂಡತಿಯ ಮುಖ ನೋಡದೆ, "ಆ ಕಡೆ ಹಿಡಿ ಬಾ, ಚೆಲ್ಲಿ ಬರೂಣು," ಎಂದ.

ಮಸ್ಕಿಯ ಬಸ್ಸಿನಲ್ಲಿ ಪ್ರತಿ ತಗ್ಗಿಗೂ ಹುಸೇನಪ್ಪನವರಿಗೆ ಕಮಟು ತೇಗು ಬರುತ್ತಿತ್ತು. ಗಾಳೆಮ್ಮ ಹೊರಡುವಾಗ ಜೇಬಿಗೆ ಹಾಕಿದ್ದ ನಿಂಬೆಹಣ್ಣನ್ನು ತೆಗೆದು ಸಿಪ್ಪೆ ಸಮೇತ ಕಚ್ಚಿದರು.